ತೆಳು ಅಲ್ಯುಮಿನಿಯಂಗೆ ಆರ್ಗನ್ ಹಿಡಿದ್ರ ಕೆಡೋದು ಎಲ್ಲಿ: ಆಂಪ್ಸ್ ತಿರುವೋ ಮೊದಲು ಇವನ್ನ ನೋಡ್ರಿ

ಕಾರಟಗಿ, ಗಂಗಾವತಿ, ಸಿಂಧನೂರು ಈ ಕಡೆ ವೆಲ್ಡಿಂಗ್ ಶಾಪ್ ಇಟ್ಕೊಂಡೋರಿಗೆ ಈಗೀಗ ಅಲ್ಯುಮಿನಿಯಂ ಕೆಲಸ ಜಾಸ್ತಿ ಬರಾಕತ್ತೈತಿ. ಭತ್ತ ಕೊಯ್ಯೋ ಟೈಮಿನ್ಯಾಗ ಹಾರ್ವೆಸ್ಟರ್‌ನ ಇಂಟರ್‌ಕೂಲರು, ಆಯಿಲ್ ಕೂಲರು, ಉಳಿದ ದಿನ ಕಿಟಕಿ ಸೆಕ್ಷನ್ನು, ಬೈಕಿನ ಸೈಡ್ ಬಾಕ್ಸು, ಖಾನಾವಳಿಯವ್ರ ಜರ್ಮನ್ ಬೋಗಾಣಿ, ಇಂಥವು. ಎಂಎಸ್ ಅಂದ್ರ ಸಾದಾ ಕಬ್ಬಿಣದ ಮ್ಯಾಲೆ ಕಣ್ಣು ಮುಚ್ಚಿ ಲೈನ್ ಎಳಿಯೋ ಮೇಸ್ತ್ರಿನೂ 1.2 ಎಂಎಂ ಅಲ್ಯುಮಿನಿಯಂ ಮುಂದ ಕುಂತ್ರ ಮೊದಲನೇ ಟ್ಯಾಕಿಗೇ, ಅಂದ್ರ ಜಾಗ ಹಿಡಿಯೋ ಸಣ್ಣ ಚುಕ್ಕಿ ವೆಲ್ಡಿಗೇ, ತೂತು ಬೀಳಿಸ್ತಾನ. ತೂತು ಬಿದ್ದ ಕೂಡ್ಲೇ ಎಲ್ಲಾರ ಕೈ ಹೋಗೋದು ಆಂಪ್ಸ್ ನಾಬ್‌ಗೆ, ಕಮ್ಮಿ ಮಾಡ್ತಾರ, ಆಮ್ಯಾಲೆ ಕರಗಂಗಿಲ್ಲ, ಮತ್ತ ಜಾಸ್ತಿ ಮಾಡ್ತಾರ, ಮತ್ತ ತೂತು, ಹಿಂಗ ಅರ್ಧ ದಿನ ಹೋಗ್ತೈತಿ. ತಪ್ಪು ಭಾಳ ಸಲ ಆಂಪ್ಸ್‌ನ್ಯಾಗ ಇರಂಗೇ ಇಲ್ಲ. ಗ್ಯಾಸು, ಟಂಗ್‌ಸ್ಟನ್ನು, ಅರ್ತು, ಶೀಟಿನ ಹೊಲಸು, ಇವುಗಳಾಗ ಯಾವುದೋ ಒಂದು ಕೈ ಕೊಟ್ಟಿರ್ತೈತಿ, ನಾವು ನಾಬ್ ತಿರುವಿ ಅದನ್ನ ಮುಚ್ಚಾಕ ನೋಡ್ತಿರ್ತೀವಿ.

ಇಲ್ಲಿ ಬರೆದಿದ್ದೆಲ್ಲಾ ಎಸಿ ಟಿಗ್ ಮಷಿನ್ನಿಗೆ, ಅಂದ್ರ ಆರ್ಗನ್ ಗ್ಯಾಸಿನ ನೆರಳಿನ್ಯಾಗ ಟಂಗ್‌ಸ್ಟನ್ ಕಡ್ಡಿಯಿಂದ ಆರ್ಕ್ ಹೊತ್ತಿಸೋ ಮಷಿನ್ನಿಗೆ, ಶೀಟು 1ರಿಂದ 2 ಎಂಎಂ. ಮಿಗ್‌ನ್ಯಾಗ (ವೈರು ತಾನೇ ಹೊರಗ ಬರೋ ಮಷಿನ್ನು) 1 ಎಂಎಂ ಅಲ್ಯುಮಿನಿಯಂ ಮಾಡ್ತೀನಿ ಅನ್ನೋರಿಗೆ ಸ್ಪೂಲ್ ಗನ್ನೂ ಪಲ್ಸ್ ಮಷಿನ್ನೂ ಬೇಕು, ಆ ವಿಷ್ಯ ಇಲ್ಲಿ ತರಂಗಿಲ್ಲ.

ಈ ಲೋಹ ಯಾಕ ಹಿಂಗ ಕಾಡ್ತೈತಿ

ಅಲ್ಯುಮಿನಿಯಂ ಕರಗೋದು 660 ಡಿಗ್ರಿಗೆ. ಅದರ ಮೈಮ್ಯಾಲೆ ಕಣ್ಣಿಗೆ ಕಾಣದಂಥ ಆಕ್ಸೈಡ್ ಪದರ ಇರ್ತೈತಿ, ಅದು ಕರಗಬೇಕಂದ್ರ 2000 ಡಿಗ್ರಿ ದಾಟಬೇಕು. ಅಂದ್ರ ಒಳಗ ಲೋಹ ನೀರಾಗಿ ನಿಂತಿರ್ತೈತಿ, ಮ್ಯಾಲಿನ ತೊಗಲು ಹಂಗೇ ಇರ್ತೈತಿ. ಎರಡನೇದು, ಕಬ್ಬಿಣ ಕರಗೋ ಮೊದಲು ಕೆಂಪಾಗಿ ಸುಳಿವು ಕೊಡ್ತೈತಿ, ಇದು ಬಣ್ಣಾನೇ ಬದಲಿಸಂಗಿಲ್ಲ, ನೆಟ್ಟಗ ನಿಂತಿದ್ದು ದಿಢೀರ್ ಕುಸೀತೈತಿ. ಮೂರನೇದು ಶಾಖ. ಎಂಎಸ್‌ಗಿಂತ ನಾಕೈದು ಪಟ್ಟು ಜೋರಾಗಿ ಶಾಖ ಎಳಕೊಂಡು ಇಡೀ ಶೀಟಿಗೆ ಹಂಚ್ತೈತಿ. ಹಿಂಗಾಗಿ ಶುರುವಿನ್ಯಾಗ ಕರಗಾಕ ಸತಾಯಿಸ್ತೈತಿ, ಎರಡು ಇಂಚು ಮುಂದ ಹೋಗೋದ್ರೊಳಗ ಇಡೀ ತುಣುಕು ಕಾಯ್ದು ಅದೇ ಆಂಪ್ಸ್‌ಗೆ ಸೋರಿ ಹೋಗ್ತೈತಿ. ಕೆಳಗ ಹೇಳೋ ತಕರಾರು ಭಾಳಷ್ಟು ಈ ಮೂರರಿಂದನ ಹುಟ್ಟೋದು.

ಮೊದಲ ಪರೀಕ್ಷೆ: ಖಾಲಿ ಪಡಲ್

ಜಾಬ್ ಅಂದ್ರ ಗಿರಾಕಿ ತಂದ ಸಾಮಾನಿನ ಮ್ಯಾಲೆ ಕೈ ಇಡಬ್ಯಾಡ್ರಿ. ಅದೇ ದಪ್ಪದ್ದೊಂದು ಹೊಸ ಶೀಟಿನ ತುಣುಕು ತಗೊಳ್ರಿ, ಅಸಿಟೋನ್ ಹಚ್ಚಿ ಒರೆಸ್ರಿ, ಸ್ಟೀಲ್ ಬ್ರಷ್ ಅಂದ್ರ ಎಸ್‌ಎಸ್ ಕೂದಲಿನ ಬ್ರಷ್ಷಿಂದ ತಿಕ್ರಿ, ಅರ್ತ್ ಕ್ಲ್ಯಾಂಪ್ ನೇರ ತುಣುಕಿಗೇ ಹಾಕ್ರಿ. ಫಿಲ್ಲರ್ (ಕರಗಿಸಿ ತುಂಬೋ ರಾಡು) ಹಾಕಬ್ಯಾಡ್ರಿ, ಬರೇ ಟಾರ್ಚ್ ಹಿಡಿದು ಒಂದು ಪಡಲ್, ಅಂದ್ರ ಕರಗಿದ ಲೋಹದ ಸಣ್ಣ ಗುಂಡಿ, ಎಬ್ಬಿಸ್ರಿ.

ಎಲ್ಲಾ ಸರಿ ಇದ್ರ ಏನು ಕಾಣ್ತೈತಿ ಅಂದ್ರ, ಆರ್ಕ್ ಬಿದ್ದ ಜಾಗ ಮೊದಲು ಮಂಕಾಗಿ ಬೆಳ್ಳಗಾಗ್ತೈತಿ, ಎರಡು ಮೂರು ಸೆಕೆಂಡಿನ್ಯಾಗ ನಡುವ ಒಂದು ಚುಕ್ಕಿ ಫಳ್ ಅಂತ ಹೊಳೀತೈತಿ, ಆ ಚುಕ್ಕಿ ದುಂಡಗ ಅಗಲಾಗ್ತೈತಿ, ಅದರ ಸುತ್ತ 2–3 ಎಂಎಂ ಅಗಲದ ಬಿಳಿ ಪಟ್ಟಿ ಬೀಳ್ತೈತಿ. ಆ ಬಿಳಿ ಪಟ್ಟಿನೇ ಆಕ್ಸೈಡ್ ಒಡೆದ ಗುರುತು. ಟಂಗ್‌ಸ್ಟನ್ ತುದಿ ತಣ್ಣಗಾದ ಮ್ಯಾಲೆ ನೋಡಿದ್ರ ಬೆಳ್ಳಿ ಬಣ್ಣ, ಸಣ್ಣ ದುಂಡು ಮೂತಿ. ಇಷ್ಟು ಬಂತಂದ್ರ ನಿಮ್ಮ ಮಷಿನ್ನು, ಗ್ಯಾಸು, ಟಾರ್ಚು ಮೂರೂ ಪಾಸ್. ಆಮ್ಯಾಲೆ ಜಾಬ್ ಮ್ಯಾಲೆ ಕೆಟ್ರ ತಪ್ಪು ಜಾಬಿನ ಲೋಹದ್ದು, ಇಲ್ಲಾ ಕೈಯಿದು.

ತುಣುಕಿನ ಮ್ಯಾಲೇ ಕೆಟ್ರ ಜಾಬ್ ಕಡೆ ಹೋಗೋದೇ ಬ್ಯಾಡ, ಮಷಿನ್ ಕಡೆ ನೋಡ್ರಿ. ಈ ಒಂದು ಪರೀಕ್ಷೆ ಮಾಡದೇ ಗಿರಾಕಿ ಸಾಮಾನಿನ ಮ್ಯಾಲೆ ಪ್ರಯೋಗ ಮಾಡೋರನ್ನ ಕಂಡ್ರ ನನಗ ಸಿಟ್ಟು ಬರ್ತೈತಿ, ಯಾಕಂದ್ರ ಒಂದು ಸಲ ಹೊಲಸು ಕೂಡಿ ಕರಗಿದ ಅಲ್ಯುಮಿನಿಯಂನ ಮತ್ತ ಸ್ವಚ್ಛ ಮಾಡೋದು ಹೊಸಾದು ಮಾಡೋದಕ್ಕಿಂತ ಕಷ್ಟ.

ಪಡಲ್ ಆಗ್ತೈತಿ, ಹೊಳಿಯಂಗಿಲ್ಲ, ಮ್ಯಾಲೆ ಸುಕ್ಕು

ಕಾಯ್ದ ಹಾಲಿನ ಮ್ಯಾಲಿನ ಕೆನಿ ಹಂಗ ಒಂದು ಬೂದು ತೊಗಲು, ಒಳಗ ಅಲ್ಲಾಡೋದು ಕಾಣ್ತೈತಿ ಆದ್ರ ಎರಡು ಅಂಚು ಕೂಡಂಗಿಲ್ಲ, ಫಿಲ್ಲರ್ ಹಾಕಿದ್ರ ಮ್ಯಾಲೇ ಗುಂಡಾಗಿ ಕುಂದರ್ತೈತಿ. ಇದಕ್ಕ ಮೊದಲು ನೋಡಬೇಕಾದ್ದು ಸ್ವಿಚ್ಚು, ಎಸಿ ಮ್ಯಾಲೆ ಐತೋ ಡಿಸಿ ಮ್ಯಾಲೆ ಐತೋ. ನಗಬ್ಯಾಡ್ರಿ, ಎಸ್‌ಎಸ್ ರೇಲಿಂಗ್ ಕೆಲಸ ಮಾಡಿ ಹಂಗೇ ಬಿಟ್ಟಿರ್ತಾರ. ಇನ್ನ ಕೆಲವ್ರು ತಗೊಂಡಿರೋ ಮಷಿನ್ನೇ ಡಿಸಿ ಟಿಗ್ ಇರ್ತೈತಿ, ಅಂಗಡಿಯವ್ನು "ಟಿಗ್ ಐತಿ ಅಣ್ಣಾ, ಎಲ್ಲಾ ಆಗ್ತೈತಿ" ಅಂತ ಮಾರಿರ್ತಾನ. ಆರ್ಗನ್ ಹಾಕಿ ಡಿಸಿ ಮೈನಸ್ ಮ್ಯಾಲೆ ಅಲ್ಯುಮಿನಿಯಂ ಹಿಡಿದ್ರ ಈ ತೊಗಲು ಒಡಿಯಂಗಿಲ್ಲ, ಎಷ್ಟು ತಿಪ್ಪರಲಾಗ ಹಾಕಿದ್ರೂ ಅಷ್ಟೇ. ಎಸಿಯಾಗ ಕರೆಂಟಿನ ದಿಕ್ಕು ಅದಲು ಬದಲು ಆಗ್ತಿರ್ತೈತಿ, ಟಂಗ್‌ಸ್ಟನ್ ಪ್ಲಸ್ ಆದಾಗ ಆಕ್ಸೈಡ್ ಒಡೀತೈತಿ, ಮೈನಸ್ ಆದಾಗ ಶೀಟಿಗೆ ಶಾಖ ಇಳೀತೈತಿ, ಎರಡೂ ಬೇಕು.

ಎಸಿ ಮ್ಯಾಲೇ ಐತಿ, ಆದ್ರೂ ಸುಕ್ಕು ಅಂದ್ರ ಪ್ಲಸ್ ಮೈನಸ್ ಹೊತ್ತು ಹಂಚೋ ಬ್ಯಾಲೆನ್ಸ್ ನಾಬ್ ನೋಡ್ರಿ. ಮೈನಸ್ ಪಾಲು 65ರಿಂದ 75 ಪರ್ಸೆಂಟ್ ಇದ್ರ ತೆಳು ಕೆಲಸಕ್ಕ ಸರಿ ಹೋಗ್ತೈತಿ. ಇಲ್ಲೊಂದು ಮೋಸ ಐತಿ. ಕೆಲವು ಮಷಿನ್ನಿನ್ಯಾಗ ನಾಬ್ ತೋರಿಸೋದು ಮೈನಸ್ ಪಾಲು, ಕೆಲವುದರಾಗ ಕ್ಲೀನಿಂಗ್ ಪಾಲು, ಅಂದ್ರ ಆಕ್ಸೈಡ್ ಒಡಿಯೋ ಪ್ಲಸ್ ಪಾಲು. ಒಂದರಾಗ 70 ಇಟ್ಟಿದ್ದು ಇನ್ನೊಂದರಾಗ 30ಕ್ಕ ಸಮ. ಗೆಳೆಯನ ಶಾಪಿನ ಸೆಟ್ಟಿಂಗ್ ಫೋನಿನ್ಯಾಗ ಕೇಳಿ ತಂದು ನಿಮ್ಮ ಮಷಿನ್ನಿಗೆ ಇಟ್ರ ಟಂಗ್‌ಸ್ಟನ್ ತುದಿ ಕರಗಿ ದೊಡ್ಡ ಗುಂಡು ಆಗ್ತೈತಿ. ಅದೇ ಗುರುತು: ಗುಂಡು ರಾಡಿನ ದಪ್ಪಕ್ಕಿಂತ ಒಂದೂವರೆ ಪಟ್ಟು ದಾಟಿ ಬೆಳೆದ್ರ ಕ್ಲೀನಿಂಗ್ ಜಾಸ್ತಿ ಆಗೈತಿ, ಬಿಳಿ ಪಟ್ಟಿ ಬೀಳಂಗೇ ಇಲ್ಲ ಅಂದ್ರ ಕಮ್ಮಿ ಆಗೈತಿ. ನಾಬ್ ಮ್ಯಾಲಿನ ಅಂಕಿಗಿಂತ ಈ ಎರಡು ಗುರುತು ನಂಬ್ರಿ.

ಪೂರಾ ಕರ್ರಗ, ಟಂಗ್‌ಸ್ಟನ್ನೂ ಕರ್ರಗ

ಪಡಲ್ ಸುತ್ತ ಮಸಿ, ಟಂಗ್‌ಸ್ಟನ್ ತುದಿ ನೀಲಿ ಕಪ್ಪು ಆಗಿ ಉದುರಾಕತ್ತೈತಿ ಅಂದ್ರ ಗ್ಯಾಸಿನ ತಕರಾರು, ಬ್ಯಾರೆ ಎಲ್ಲೂ ಹುಡುಕಬ್ಯಾಡ್ರಿ. ಇದನ್ನ ಸ್ವಲ್ಪ ಉದ್ದಕ್ಕ ಹೇಳ್ತೀನಿ, ಯಾಕಂದ್ರ ನಮ್ಮ ಕಡೆ ಹೆಚ್ಚು ಕೆಡೋದು ಇಲ್ಲೇ.

ಸಿಲಿಂಡರ್ ಮ್ಯಾಲಿನ ಚೀಟಿ ಓದ್ರಿ. ಮಿಗ್‌ಗೆ ಅಂತ ತರಿಸಿದ ಆರ್ಗನ್ ಸಿಓಟೂ ಮಿಕ್ಸ್ ಸಿಲಿಂಡರ್ ಶಾಪಿನ್ಯಾಗ ಪಕ್ಕಪಕ್ಕ ನಿಂತಿರ್ತಾವ, ಹುಡುಗ್ರು ರೆಗ್ಯುಲೇಟರ್ ಅದಕ್ಕ ಹಾಕಿಬಿಟ್ಟಿರ್ತಾರ. ಸಿಓಟೂ ಸ್ವಲ್ಪ ಕೂಡಿದ್ರೂ ಸಾಕು, ಟಂಗ್‌ಸ್ಟನ್ ಕ್ಷಣದಾಗ ಸುಟ್ಟು ಹೋಗ್ತೈತಿ. ಅಲ್ಯುಮಿನಿಯಂ ಟಿಗ್‌ಗೆ ಶುದ್ಧ ಆರ್ಗನ್ ಬಿಟ್ಟು ಬ್ಯಾರೆ ಯಾವ ಮಿಕ್ಸೂ ಬ್ಯಾಡ. ಹೀಲಿಯಂ ಮಿಕ್ಸ್ ದಪ್ಪ ಕೆಲಸಕ್ಕ ಹಾಕ್ತಾರ, ತೆಳುವಿಗೆ ಅದರ ಗೊಡವಿ ಇಲ್ಲ.

ಸಿಲಿಂಡರ್ ಸರಿ ಐತಿ ಅಂದ್ರ ಗಾಳಿ. ರಾಯಚೂರು, ಬಳ್ಳಾರಿ ಬ್ಯಾಸಿಗಿ ನಿಮಗ ಗೊತ್ತೇ ಐತಿ, 40 ದಾಟಿದ ಮ್ಯಾಲೆ ಫ್ಯಾನ್ ಇಲ್ದ ಶಾಪಿನ್ಯಾಗ ಕುಂದ್ರಾಕ ಆಗಂಗಿಲ್ಲ, ಅದಕ್ಕ ಕೂಲರ್ ಹಚ್ಚಿರ್ತೀವಿ. ಆ ಕೂಲರು ಎರಡು ಕಡೆಯಿಂದ ಕೆಡಿಸ್ತೈತಿ ನೋಡ್ರಿ, ಒಂದು ಅದರ ಗಾಳಿ ಟಾರ್ಚಿನ ಮೂತಿಗಿರೋ ಕಪ್ಪಿನಿಂದ ಬರೋ ಆರ್ಗನ್‌ನ ಪಕ್ಕಕ್ಕ ತಳ್ತೈತಿ, ಇನ್ನೊಂದು ಅದು ಊದೋದು ಹಸಿ ಗಾಳಿ, ಆ ಹಸಿ ಶೀಟಿನ ಮ್ಯಾಲೂ ಫಿಲ್ಲರ್ ಮ್ಯಾಲೂ ಕುಂತು ಪಡಲ್‌ನ್ಯಾಗ ಹೈಡ್ರೋಜನ್ ಬಿಡ್ತೈತಿ. ಕೂಲರ್ ಬಂದ್ ಮಾಡೋದು ಬ್ಯಾಡ, ಮುಖ ತಿರುವ್ರಿ, ಜಾಬಿನ ಆ ಕಡೆ ಈ ಕಡೆ ಎರಡು ಪ್ಲೈ ತುಣುಕು ಅಡ್ಡ ನಿಲ್ಲಿಸ್ರಿ. ಸಿಲಿಂಗ್ ಫ್ಯಾನ್ ಮಾತ್ರ ಲೈನ್ ಹಾಕುವಾಗ ಬಂದ್ ಇರ್ಲಿ.

ಆಮ್ಯಾಲೆ ಫ್ಲೋ. 6 ಅಥವಾ 7 ನಂಬರ್ ಕಪ್ಪಿಗೆ ನಿಮಿಷಕ್ಕ 7ರಿಂದ 9 ಲೀಟರ್ ಸಾಕು. ಕರ್ರಗಾಗ್ತೈತಿ ಅಂತ 15, 18ಕ್ಕ ಏರಿಸ್ತಾರ, ಆವಾಗ ಗ್ಯಾಸು ಸುಳಿ ಸುತ್ತಿ ಹೊರಗಿನ ಗಾಳಿನ್ನೂ ಒಳಗ ಎಳಕೊಂತೈತಿ, ಇನ್ನೂ ಕರ್ರಗಾಗ್ತೈತಿ, ಸಿಲಿಂಡರೂ ಜಲ್ದಿ ಖಾಲಿ.

ಫ್ಲೋ ಮೀಟರಿನ್ಯಾಗ ಗುಂಡು ಎದ್ದೈತಿ, ಆದ್ರೂ ಕಪ್ಪಿನ್ಯಾಗ ಗ್ಯಾಸ್ ಸರಿ ಬರಂಗಿಲ್ಲ ಅಂದ್ರ ನಡುವ ಎಲ್ಲೋ ಸೋರಾಕತ್ತೈತಿ. ಸೋಪಿನ ನೀರು ಹಚ್ಚಿ ಪೈಪ್ ಜಾಯಿಂಟ್ ನೋಡ್ರಿ. ಟಾರ್ಚಿನ ಹಿಂದಿನ ಕ್ಯಾಪ್ ಬಿಚ್ಚಿ ಅದರ ಓ ರಿಂಗ್ ನೋಡ್ರಿ. ಈ ಓ ರಿಂಗು ಕಾಳಿನಷ್ಟಿನ ಸಾಮಾನು, ಶಾಖಕ್ಕ ಒಣಗಿ ಬಿರುಕು ಬಿಟ್ಟಿರ್ತೈತಿ, ಅಲ್ಲಿಂದ ಗಾಳಿ ಒಳಗ ಬರ್ತೈತಿ, ಮ್ಯಾಲಿಂದ ನೋಡಿದ್ರ ಟಾರ್ಚ್ ಹೊಸದರಂಗ ಇರ್ತೈತಿ, ಒಬ್ಬ ಮೇಸ್ತ್ರಿ ಇಡೀ ಮಷಿನ್ ರಿಪೇರಿಗೆ ಕಳಿಸಿದ್ದ, ಕಡೀಗೆ ಇದೊಂದೇ ಬದಲಿ ಮಾಡಿ ಸರಿ ಹೋತು. ಟಂಗ್‌ಸ್ಟನ್ ಹಿಡಿಯೋ ಕೊಲೆಟ್ ಬಾಡಿ ಸಡಿಲ ಇದ್ರೂ ಇದೇ ಕಥಿ, ಕಪ್ ಸೀಳಿದ್ರೂ ಇದೇ.

ಲೈನ್ ಹಾಕುವಾಗ ಚಂದ ಇತ್ತು, ಮುಗಿಸಿದ ಜಾಗದಾಗ ಮಾತ್ರ ಕಪ್ಪು ಚುಕ್ಕಿ, ಟಂಗ್‌ಸ್ಟನ್ ನೀಲಿ ಅಂದ್ರ ಪೋಸ್ಟ್ ಫ್ಲೋ, ಅಂದ್ರ ಆರ್ಕ್ ಆರಿದ ಮ್ಯಾಲೆ ಹರಿಯೋ ಗ್ಯಾಸು, ಕಮ್ಮಿ ಐತಿ. 6ರಿಂದ 8 ಸೆಕೆಂಡ್ ಇಡ್ರಿ, ಅಷ್ಟೂ ಹೊತ್ತು ಟಾರ್ಚ್ ಅಲ್ಲೇ ಹಿಡೀರಿ, ಸ್ವಿಚ್ ಬಿಟ್ಟ ಕೂಡ್ಲೇ ಕೈ ಎತ್ತಿ ಲೈನ್ ನೋಡಾಕ ಬಗ್ಗೋ ಚಟ ಬಿಡ್ರಿ.

ತೂತು

ಎಲ್ಲಾರೂ ಕೇಳೋದು ಇದೇ. ತೂತು ಬಿದ್ರ ಆಂಪ್ಸ್ ಜಾಸ್ತಿ ಆಗೈತಿ ಅಂತ ಅನ್ಕೊಂತಾರ, ತೆಳು ಅಲ್ಯುಮಿನಿಯಂನ್ಯಾಗ ಆಂಪ್ಸ್ ಕಮ್ಮಿ ಆದಾಗೂ ತೂತು ಬೀಳ್ತೈತಿ, ಅದೂ ಜಾಸ್ತಿ ಸಲ. ಹೆಂಗಂದ್ರ, 1.2 ಎಂಎಂ ಶೀಟಿಗೆ 30 ಆಂಪ್ಸ್ ಇಟ್ಟು ಕುಂತ್ರಿ ಅನ್ಕೊಳ್ರಿ. ಪಡಲ್ ಏಳಾಕ ಎಂಟು ಹತ್ತು ಸೆಕೆಂಡ್ ಬೇಕು. ಅಷ್ಟರೊಳಗ ಸುತ್ತಲಿನ ಅಂಗೈ ಅಗಲ ಜಾಗ ಪೂರ್ತಿ ಕಾಯ್ದಿರ್ತೈತಿ, ಪಡಲ್ ಎದ್ದ ಗಳಿಗ್ಯಾಗ ಅದನ್ನ ಹಿಡಕೊಳ್ಳಾಕ ತಣ್ಣಗಿನ ಲೋಹ ಸುತ್ತ ಉಳಿದಿರಂಗೇ ಇಲ್ಲ, ದಬಕ್ ಅಂತ ಕೆಳಗ ಬೀಳ್ತೈತಿ. ಅದೇ 50 ಇಟ್ಟು ಎರಡು ಸೆಕೆಂಡಿನ್ಯಾಗ ಪಡಲ್ ಎಬ್ಬಿಸಿ ಫಿಲ್ಲರ್ ಮುಟ್ಟಿಸಿ ಮುಂದ ಓಡಿದ್ರ ತೂತು ಬೀಳಂಗಿಲ್ಲ.

ಲೆಕ್ಕ ಸರಳ ಐತಿ: 1 ಎಂಎಂ ದಪ್ಪಕ್ಕ ಸುಮಾರು 40 ಆಂಪ್ಸ್. 1.2ಕ್ಕ 45–55, 1.5ಕ್ಕ 60ರ ಸುತ್ತ, 2 ಎಂಎಂಗೆ 80. ಹೊರಗಿನ ಮೂಲಿ ಜಾಯಿಂಟಿಗೆ ಸ್ವಲ್ಪ ಕಮ್ಮಿ, ಟೀ ಜಾಯಿಂಟಿಗೆ ಸ್ವಲ್ಪ ಜಾಸ್ತಿ. ಪಡಲ್ ಮೂರು ಸೆಕೆಂಡಿನ್ಯಾಗ ಏಳ್ಲಿಲ್ಲಂದ್ರ ಸ್ವಿಚ್ ಬಿಡ್ರಿ, ಶೀಟು ಕೈ ಇಡುವಷ್ಟು ತಣ್ಣಗಾಗ್ಲಿ, 5 ಆಂಪ್ಸ್ ಏರಿಸಿ ಮತ್ತ ಹಿಡೀರಿ. ಕಾಯಿಸ್ತಾ ಕುಂದ್ರಬ್ಯಾಡ್ರಿ.

ಶುರುವಿನ್ಯಾಗ ಸರಿ ಇದ್ದು ನಡುವ ತೂತು ಬೀಳ್ತೈತಿ ಅಂದ್ರ ಶಾಖ ಕೂಡಿಕೊಂಡೈತಿ. ಕಾಲಿಂದ ಆಂಪ್ಸ್ ಏರಿಸಿ ಇಳಿಸೋ ಪೆಡಲ್ ಇದ್ರ ಮುಂದ ಹೋದಂಗ ಕಾಲು ಸಡಿಲ ಬಿಡ್ತಾ ಹೋಗ್ರಿ. ನಮ್ಮ ಕಡೆ ಭಾಳ ಶಾಪಿನ್ಯಾಗ ಪೆಡಲ್ ಇರಂಗಿಲ್ಲ, ಬರೇ ಟಾರ್ಚ್ ಸ್ವಿಚ್, ಹಂಗಿದ್ರ ಕೈಯಿನ ಸ್ಪೀಡ್ ಏರಿಸೋದೊಂದೇ ದಾರಿ, ಇಲ್ಲಾ ಪಲ್ಸ್ ಹಾಕ್ರಿ, ಅಂದ್ರ ಕರೆಂಟ್ ತಾನೇ ಏರಿ ಇಳಿಯಂಗ ಇಡ್ರಿ. ಸೆಕೆಂಡಿಗೆ ಒಂದು ಎರಡು ಪಲ್ಸ್, ಮ್ಯಾಲಿನದು 65 ಆಂಪ್ಸ್, ಕೆಳಗಿನದು ಅದರ ಮೂರರಾಗ ಒಂದು ಪಾಲು ಇಟ್ಟು, ಪ್ರತಿ ಹೊಡೆತಕ್ಕ ಒಂದು ಸಲ ಫಿಲ್ಲರ್ ಮುಟ್ಟಿಸಿದ್ರ 1.2 ಎಂಎಂ ಶೀಟು ಚಂದ ನಿಲ್ತೈತಿ. ಉದ್ದ ಲೈನ್ ಇದ್ರ ಒಂದೇ ಗುಕ್ಕಿನ್ಯಾಗ ಎಳೀಬ್ಯಾಡ್ರಿ, ಎರಡು ಇಂಚು ಇಲ್ಲಿ, ಎರಡು ಇಂಚು ಆ ತುದಿಗೆ, ಹಿಂಗ ಜಾಗ ಬದಲಿಸ್ರಿ.

ಕೆಳಗ ತಾಮ್ರದ ಪಟ್ಟಿ ಇಡೋದು ಭಾಳ ಮಂದಿ ಮಾಡಂಗಿಲ್ಲ, ಅದೇ ದೊಡ್ಡ ಉಪಾಯ. ಹಳೇ ಪ್ಯಾನಲ್ ಬೋರ್ಡಿನ ಬಸ್ ಬಾರ್ ತುಣುಕು ಗುಜರಿಯಾಗ ಸಿಗ್ತೈತಿ, 5–6 ಎಂಎಂ ದಪ್ಪ ಇರ್ಲಿ. ಜಾಯಿಂಟಿನ ಕೆಳಗ ಒತ್ತಿ ಕ್ಲ್ಯಾಂಪ್ ಮಾಡಿದ್ರ ಹೆಚ್ಚಿನ ಶಾಖ ಅದು ಎಳಕೊಂತೈತಿ, ಪಡಲ್ ಕುಸಿದ್ರೂ ಹಿಡಿತೈತಿ. ತಾಮ್ರಕ್ಕ ಆರ್ಕ್ ನೇರ ತಾಗಬಾರ್ದು ಅಷ್ಟೇ. ತಾಮ್ರ ಸಿಗ್ಲಿಲ್ಲಂದ್ರ ದಪ್ಪ ಅಲ್ಯುಮಿನಿಯಂ ಫ್ಲ್ಯಾಟೂ ನಡೀತೈತಿ.

ಇನ್ನ ಫಿಟ್ಟಿಂಗ್. ಎರಡು ಶೀಟಿನ ನಡುವ ಸಂದಿ ಇದ್ರ ಯಾವ ಸೆಟ್ಟಿಂಗೂ ಕಾಪಾಡಂಗಿಲ್ಲ. ಎಂಎಸ್‌ನ್ಯಾಗ ಸಂದಿನ ರಾಡ್ ಹಾಕಿ ತುಂಬಿಸ್ತೀವಲ್ಲ, ಆ ರೂಢಿ ಇಲ್ಲಿ ನಡಿಯಂಗಿಲ್ಲ. ಕತ್ತರಿಯಾಗ ಕತ್ತರಿಸಿದ ಅಂಚು ಬಾಗಿರ್ತೈತಿ, ಅದನ್ನ ಫೈಲಿಂದ ನೆಟ್ಟಗ ಮಾಡ್ರಿ, ಬೆಳಕು ಕಾಣದಂಗ ಕೂಡಸ್ರಿ, ಇಂಚಿಗೊಂದು ಟ್ಯಾಕ್ ಹಾಕ್ರಿ. ಅಲ್ಯುಮಿನಿಯಂ ಕಾಯ್ದಾಗ ಕಬ್ಬಿಣದ ಎರಡು ಪಟ್ಟು ಹಿಗ್ಗೋದ್ರಿಂದ ಟ್ಯಾಕ್ ದೂರ ಇದ್ರ ನಡುವ ಸಂದಿ ಬಾಯಿ ಬಿಡ್ತೈತಿ, ಅಲ್ಲೇ ತೂತು.

ಅಂಚಿನ್ಯಾಗೇ ಕರಗಿ ಹೋಗ್ತೈತಿ ಅಂದ್ರ ಲೈನನ್ನ ತುದಿಯಾಗ ಮುಗಿಸಬ್ಯಾಡ್ರಿ. ಆ ತುದಿಯಿಂದ ಒಳಗ ಒಂದಿಂಚು ಮೊದಲೇ ಹಾಕಿಟ್ಟು, ಆಮ್ಯಾಲೆ ಈ ಕಡೆಯಿಂದ ಬಂದು ಅದಕ್ಕ ಕೂಡಸ್ರಿ.

ಫಿಲ್ಲರ್ ಮುಟ್ಟೋದ್ರೊಳಗೇ ಗುಂಡಾಗಿ ಉದುರ್ತೈತಿ

ಇದು ಪೂರ್ತಿ ಕೈ ಕೆಲಸ. ಟಾರ್ಚ್ ಭಾಳ ಓರೆ ಹಿಡಿದಿರ್ತೀರಿ, ಆರ್ಕಿನ ಝಳ ಮುಂದಕ್ಕ ಹೊಡೆದು ರಾಡಿನ ತುದಿನ್ನೇ ಕರಗಿಸ್ತೈತಿ. ಟಾರ್ಚ್ ನೆಟ್ಟಗ ನಿಲ್ಲಿಸಿ ಹತ್ತು ಹದಿನೈದು ಡಿಗ್ರಿ ಅಷ್ಟೇ ಹಿಂದಕ್ಕ ವಾಲಿಸ್ರಿ, ಹೋಗೋದು ಮುಂದಕ್ಕ ತಳ್ಳಿಕೊಂಡೇ. ರಾಡ್ ಶೀಟಿಗೆ ಹತ್ತಿದಂಗ ಮಲಗಿಸಿ ತರ್ರಿ, ಪಡಲಿನ ಮುಂದಿನ ಅಂಚಿಗೆ ಮುಟ್ಟಿಸಿ ಹಿಂದ ತಗೀರಿ. ಪೂರ್ತಿ ಹಿಂದಲ್ಲ, ರಾಡಿನ ಬಿಸಿ ತುದಿ ಗ್ಯಾಸಿನ ನೆರಳಿನ್ಯಾಗೇ ಇರಬೇಕು, ಹೊರಗ ತಂದ್ರ ಅದಕ್ಕ ಆಕ್ಸೈಡ್ ಹತ್ತಿ ಮುಂದಿನ ಸಲ ಹೊಲಸು ಪಡಲಿಗೆ ಹೋಗ್ತೈತಿ. ಆರ್ಕ್ ಉದ್ದ 1.5ರಿಂದ 2 ಎಂಎಂ, ಅಂದ್ರ ಟಂಗ್‌ಸ್ಟನ್ ದಪ್ಪದಷ್ಟೇ. ಮಂದಿ ಟಂಗ್‌ಸ್ಟನ್ ತಾಗೀತು ಅಂತ ಹೆದರಿ 5 ಎಂಎಂ ಎತ್ತಿ ಹಿಡೀತಾರ, ಶಾಖ ಅಗಲಕ್ಕ ಚೆಲ್ಲಿ ಮತ್ತ ಮ್ಯಾಲಿನ ತೂತಿನ ಕಥಿಗೇ ಬರ್ತೀವಿ.

ರಾಡ್ 1.6 ಎಂಎಂ ಸಾಕು. 1 ಎಂಎಂ ಶೀಟಿಗೆ ಅದೂ ದಪ್ಪ ಅನಿಸಿದ್ರ 1.2ರ ಅಲ್ಯುಮಿನಿಯಂ ಮಿಗ್ ವೈರ್ ತುಂಡು ಮಾಡಿ, ನೆಟ್ಟಗ ಮಾಡಿ, ಒರೆಸಿ ಬಳಸ್ರಿ. 2.4 ರಾಡ್ ತೆಳು ಶೀಟಿನ ಮ್ಯಾಲೆ ಹಾಕಿದ್ರ ಅದನ್ನ ಕರಗಿಸೋ ಶಾಖಕ್ಕೇ ಶೀಟು ಸೋತು ಹೋಗ್ತೈತಿ.

ಆರ್ಕ್ ಓಲಾಡ್ತೈತಿ, ಪಟಪಟ ಅಂತೈತಿ

ಟಂಗ್‌ಸ್ಟನ್ ಪಡಲಿಗೆ ತಾಗಿಸಿ ಹಂಗೇ ಮುಂದುವರಿಸಿರ್ತೀರಿ. ತಾಗಿದ ಮ್ಯಾಲೆ ತುದಿಗೆ ಅಲ್ಯುಮಿನಿಯಂ ಹತ್ತಿರ್ತೈತಿ, ಅದು ಆರ್ಕನ್ನ ಯಾವ್ಯಾವ ಕಡೆನೋ ಎಳೀತೈತಿ. ನಿಲ್ಲಿಸ್ರಿ, ಮುರೀರಿ, ಉದ್ದಕ್ಕ ಸಾಣಿ ಹಿಡೀರಿ, ಮೂತಿ ಚೂರು ಚಪ್ಪಟಿ ಮಾಡ್ರಿ. ಸಾಣಿ ಚಕ್ರ ಇದಕ್ಕೇ ಬ್ಯಾರೆ ಇರ್ಲಿ. ಇನ್ವರ್ಟರ್ ಮಷಿನ್ನಿಗೆ 1.6 ಎಂಎಂ ಲ್ಯಾಂಥನೇಟೆಡ್ ಚೊಲೊ, ಅಂದ್ರ ಬಂಗಾರ ಬಣ್ಣದ್ದು ಇಲ್ಲಾ ನೀಲಿ. ಹಸಿರು ತುದಿದು ಹಳೇ ಟ್ರಾನ್ಸ್‌ಫಾರ್ಮರ್ ಮಷಿನ್ನಿಗೆ ಇದ್ದದ್ದು. ಕೆಂಪು ತುದಿದ್ರಾಗ ಥೋರಿಯಂ ಇರ್ತೈತಿ, ಅದರ ಸಾಣಿ ಪುಡಿ ಮೂಗಿಗೆ ಹೋಗೋದು ಒಳ್ಳೇದಲ್ಲ, ಅಲ್ಯುಮಿನಿಯಂ ಎಸಿಗೆ ಅದು ಬೇಕಾಗಿಯೂ ಇಲ್ಲ.

ಟಂಗ್‌ಸ್ಟನ್ ಹೊಸಾದು, ಆದ್ರೂ ಪಟಪಟ ಅಂದ್ರ ಅರ್ತ್. ತುಕ್ಕು ಹಿಡಿದ ಎಂಎಸ್ ಟೇಬಲ್ಲಿಗೆ ಕ್ಲ್ಯಾಂಪ್ ಹಾಕಿ ಅದರ ಮ್ಯಾಲೆ ಶೀಟು ಇಟ್ಟಿರ್ತಾರ, ಕೆಳಗ ಸಣ್ಣ ಸಣ್ಣ ಸುಟ್ಟ ಚುಕ್ಕಿ ಕಾಣ್ತಾವ, ಅಲ್ಲೂ ಆರ್ಕ್ ಆಗಾಕತ್ತಿರ್ತೈತಿ. ಅದೂ ಸರಿ ಐತಿ ಅಂದ್ರ ವೋಲ್ಟೇಜ್. ಪಂಪ್‌ಸೆಟ್ ಎಲ್ಲಾ ಒಮ್ಮೆಲೇ ಶುರು ಆದಾಗ ಸಿಂಗಲ್ ಫೇಸು 180ಕ್ಕ ಇಳಿದ್ರ ಇನ್ವರ್ಟರ್ ಮಷಿನ್ ಎಸಿ ಆರ್ಕ್ ಹಿಡಕೊಳ್ಳಾಕ ಒದ್ದಾಡ್ತೈತಿ. ಮೀಟರ್ ಹಿಡಿದು ನೋಡ್ರಿ, ಅದೂ ಆರ್ಕ್ ಹೊತ್ತಿದ್ದಾಗ ನೋಡ್ರಿ, ಖಾಲಿ ಇದ್ದಾಗ 220 ತೋರಿಸಿದ್ರ ಅರ್ಥ ಇಲ್ಲ. ಉದ್ದನ್ನ ಸಣ್ಣ ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಮೊದಲು ಬಿಸಾಕ್ರಿ.

ಸಣ್ಣ ಸಣ್ಣ ಗುಳ್ಳಿ, ಸೂಜಿ ತೂತು

ಗ್ಯಾಸ್ ಸರಿ ಐತಿ, ತುಣುಕಿನ ಪರೀಕ್ಷೆ ಪಾಸ್, ಜಾಬ್ ಮ್ಯಾಲೆ ಮಾತ್ರ ಗುಳ್ಳಿ ಅಂದ್ರ ಹೊಲಸು ಇಲ್ಲಾ ಹಸಿ. ಕರಗಿದ ಅಲ್ಯುಮಿನಿಯಂ ಹೈಡ್ರೋಜನ್ ಕುಡೀತೈತಿ, ಗಟ್ಟಿ ಆಗುವಾಗ ಅದನ್ನ ಹೊರಗ ಹಾಕ್ತೈತಿ, ಹೊರಗ ಬರಾಕ ಟೈಮ್ ಸಿಗದಿದ್ದು ಗುಳ್ಳಿ ಆಗಿ ಉಳೀತೈತಿ. ಹೈಡ್ರೋಜನ್ ಬರೋದು ಎಣ್ಣಿ, ಗ್ರೀಸು, ಬಣ್ಣ, ನೀರು, ಕೈ ಬೆವರು ಇವುಗಳಿಂದ.

ಸ್ವಚ್ಛ ಮಾಡೋದಕ್ಕ ಕ್ರಮ ಐತಿ. ಮೊದಲು ಅಸಿಟೋನ್, ಆಮ್ಯಾಲೆ ಬ್ರಷ್. ಉಲ್ಟಾ ಮಾಡಿದ್ರ ಬ್ರಷ್ಷು ಎಣ್ಣಿನ್ನ ಲೋಹದೊಳಗ ತಿಕ್ಕಿ ಕೂಡಿಸ್ತೈತಿ. ಅಸಿಟೋನ್ ಫೈಬರ್ ಸಾಮಾನು ಮಾರೋ ಅಂಗಡ್ಯಾಗ ಸಿಗ್ತೈತಿ. ಪೆಟ್ರೋಲ್ ಬ್ಯಾಡ, ಜಿಡ್ಡು ಬಿಡ್ತೈತಿ, ಬೆಂಕಿದೂ ಭಯ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ವೆಲ್ಡ್ ಮಾಡೋದಂತೂ ಎಂದೂ ಮಾಡಬ್ಯಾಡ್ರಿ, ಕೆಲವುದರಾಗ ಕ್ಲೋರಿನ್ ಇರೋ ದ್ರಾವಣ ಇರ್ತೈತಿ, ಆರ್ಕಿನ ಬೆಳಕು ಶಾಖಕ್ಕ ಅದರಿಂದ ಫಾಸ್ಜೀನ್ ವಿಷದ ಗ್ಯಾಸ್ ಹುಟ್ತೈತಿ. ಬ್ರಷ್ಷು ಅಲ್ಯುಮಿನಿಯಂಗೇ ಮೀಸಲು ಇರ್ಲಿ, ಎಂಎಸ್ ತಿಕ್ಕಿದ್ದನ್ನ ಇಲ್ಲಿ ತರಬ್ಯಾಡ್ರಿ. ಸಂಡೂರು, ತೋರಣಗಲ್ಲು ಕಡೆಯವ್ರಿಗೆ ಇನ್ನೊಂದು ಕಾಟ, ಆ ಕೆಂಪು ಅದಿರಿನ ಧೂಳು ರಾತ್ರಿ ಇಟ್ಟ ಶೀಟಿನ ಮ್ಯಾಲೆ ಬೆಳಿಗ್ಗೆ ಪದರ ಕುಂತಿರ್ತೈತಿ. ಗಂಗಾವತಿ ರೈಸ್ ಮಿಲ್ ಹತ್ರ ಇದ್ರ ತೌಡಿನ ಧೂಳು, ಅದರಾಗ ಎಣ್ಣಿ ಅಂಶ ಇರ್ತೈತಿ. ಸ್ವಚ್ಛ ಮಾಡಿದ ಶೀಟನ್ನ ಅವತ್ತೇ ವೆಲ್ಡ್ ಮಾಡ್ರಿ. ಫಿಲ್ಲರ್ ರಾಡೂ ಒರೆಸ್ರಿ, ಅದನ್ನ ಒರೆಸೋದು ಯಾರಿಗೂ ನೆನಪಾಗಂಗಿಲ್ಲ, ಬಿಳಿ ಬಟ್ಟಿ ಹಚ್ಚಿ ಎಳೆದು ನೋಡ್ರಿ ಎಷ್ಟು ಕರ್ರಗ ಬರ್ತೈತಿ ಅಂತ.

ಕಿಟಕಿ ಸೆಕ್ಷನ್ನಿಗೆ ಆನೊಡೈಸ್ ಇಲ್ಲಾ ಪೌಡರ್ ಕೋಟ್ ಇರ್ತೈತಿ. ಆನೊಡೈಸ್ ಅಂದ್ರ ಬೇಕಂತಲೇ ದಪ್ಪ ಮಾಡಿದ ಆಕ್ಸೈಡು, ಎಸಿ ಅದನ್ನ ಒಡಿಯಂಗಿಲ್ಲ. ಜಾಯಿಂಟಿನ ಎರಡೂ ಕಡೆ ಅರ್ಧ ಇಂಚು ಫ್ಲ್ಯಾಪ್ ಡಿಸ್ಕಿನಿಂದ ತೆಗೀರಿ, ಹಿಂದಿನ ಮೈನೂ ತೆಗೀರಿ, ಅರ್ತ್ ಹಾಕೋ ಜಾಗಾನೂ.

ಒಂದು ಇಂಟರ್‌ಕೂಲರ್ ಕಥಿ

ಹೋದ ಕೊಯ್ಲಿನ್ಯಾಗ ಹಾರ್ವೆಸ್ಟರ್ ಡ್ರೈವರ್ ಒಬ್ಬ ಇಂಟರ್‌ಕೂಲರ್ ತಂದಿದ್ದ, "ಅಣ್ಣಾ, ಜಲ್ದಿ ಮಾಡಿಕೊಡ್ರಿ, ಗದ್ದ್ಯಾಗ ಮಷಿನ್ ನಿಂತೈತಿ, ಸಾವ್ಕಾರ್ರು ಬೈಯಾಕತ್ತ್ಯಾರ" ಅಂತ. ಬ್ಯಾರೆ ಕಡೆ ಒಂದು ಸಲ ವೆಲ್ಡ್ ಆಗಿತ್ತು, ಲೈನ್ ತುಂಬ ಗುಳ್ಳಿ, ಮತ್ತ ಸೋರಾಕತ್ತಿತ್ತು. ಪಕ್ಕದ ಟ್ಯಾಂಕಿನ ಮ್ಯಾಲೆ ಎರಡು ಇಂಚಿನ ಬಿರುಕು. ಹೊರಗ ಎಷ್ಟು ತಿಕ್ಕಿದ್ರೂ ಪಡಲ್ ಎದ್ದ ಕೂಡ್ಲೇ ನಡುವಿನಿಂದ ಕಂದು ಬಣ್ಣದ ನೊರೆ ಮ್ಯಾಲೆ ಬರ್ತಿತ್ತು. ಟರ್ಬೊದಿಂದ ಬರೋ ಎಣ್ಣಿ ಹನಿ ಇಂಟರ್‌ಕೂಲರ್ ಒಳಗ ಕುಂತಿರ್ತೈತಿ, ಕಾಯ್ದಾಗ ಬಿರುಕಿನಿಂದ ಹೊರಗ ಬರ್ತೈತಿ, ಹೊಲಸು ಹೊರಗಿಂದು ಅಲ್ಲ ಒಳಗಿಂದು.

ಆ ಹಳೇ ಲೈನ್ ಪೂರ್ತಿ ಕೆತ್ತಿ ತೆಗೆದು, ಒಳಗ ಬಿಸಿ ನೀರು ಸೋಪಿನ ಪುಡಿ ಹಾಕಿ ಕುಲುಕಿ ತೊಳೆದು, ಬಿಸಿಲಿಗಿಟ್ಟು, ಆಮ್ಯಾಲೆ ಹೀಟ್ ಗನ್ನಿನಿಂದ ಹಸಿ ಹೋಗೋ ತನಕ ಕಾಯಿಸಿದ ಮ್ಯಾಲೆ ನೊರೆ ನಿಂತು. ಬಿರುಕಿನ ಎರಡೂ ತುದಿಗೆ 3 ಎಂಎಂ ತೂತು ಹೊಡೆದ್ರ ಬಿರುಕು ಮುಂದ ಓಡಂಗಿಲ್ಲ, ಅಲ್ಲಿಂದ ವಿ ಆಕಾರಕ್ಕ ಕೆತ್ತಿದ್ದು. ಫಿಲ್ಲರ್ ರಾಡು 4043 ನಂಬರಿಂದು. ಕೆಲವ್ರು 5356 ಗಟ್ಟಿ ಅಂತ ಹಾಕ್ತಾರ, ಆದ್ರ ಅದು 65 ಡಿಗ್ರಿ ಮ್ಯಾಲೆ ಸದಾ ಕಾಯ್ತಾ ಇರೋ ಸಾಮಾನಿಗೆ ಬರಂಗಿಲ್ಲ, ಇಂಟರ್‌ಕೂಲರ್ ಅಂದ್ರ ಕಾಯೋದೇ ಕೆಲಸ. ಲೈನ್ ಹಾಕುವಾಗ ಎರಡೂ ಪೈಪಿನ ಬಾಯಿ ತೆರೆದೇ ಇಡಬೇಕು, ಮುಚ್ಚಿದ್ರ ಒಳಗಿನ ಗಾಳಿ ಹಿಗ್ಗಿ ಕಡೇ ಹನಿ ಮುಚ್ಚೋ ಟೈಮಿನ್ಯಾಗ ಅದನ್ನ ಊದಿ ಹೊರಗ ಹಾಕ್ತೈತಿ. ಟ್ಯೂಬು ಫಿನ್ನು ಇರೋ ಕೋರ್ ಕಡೆ ಒದ್ದಿ ಬಟ್ಟಿ ಹಾಕಬೇಕು, ಲೈನಿಗೆ ಹತ್ತದಂಗ, ಅಲ್ಲಿ ಬ್ರೇಜಿಂಗ್ ಮಾಡಿ ಕೂಡಿಸಿರ್ತಾರ, ನಿಮ್ಮ ಶಾಖ ಅಲ್ಲಿಗೆ ಹೋದ್ರ ಒಂದು ಸೋರಿಕಿ ಮುಚ್ಚಿ ನಾಕು ತೆಗೆದಂಗ.

ಡೀಸೆಲ್ ಟ್ಯಾಂಕ್, ಔಷಧಿ ಹೊಡಿಯೋ ಟ್ಯಾಂಕ್ ಬಂದ್ರ ಇದೇ ಧೈರ್ಯ ಮಾಡಬ್ಯಾಡ್ರಿ. ಪೂರ್ತಿ ತೊಳೆದು, ಆವಿ ಹೋಗಿ, ಒಳಗ ಆರ್ಗನ್ ಇಲ್ಲಾ ನೀರು ತುಂಬಿಸಿ ಆವಿಗೆ ಜಾಗ ಇಲ್ದಂಗ ಮಾಡಿದ ಹೊರತು ಟಾರ್ಚ್ ಹಚ್ಚಬ್ಯಾಡ್ರಿ. ಗಿರಾಕಿ ಅವಸರ ಗಿರಾಕಿಗೆ ಇರ್ಲಿ.

ಸೀಳು

ಲೈನಿನ ನಡುವ ಉದ್ದಕ್ಕ ಸೀಳಿದ್ರ ಫಿಲ್ಲರ್ ಕಮ್ಮಿ ಆಗೈತಿ. ಕಿಟಕಿ ಸೆಕ್ಷನ್ನು ಹೆಚ್ಚಾಗಿ 6063 ನಂಬರಿನ ಅಲ್ಯುಮಿನಿಯಂ, ಪೈಪು 6061, ಈ ಜಾತಿ ಲೋಹನ ಫಿಲ್ಲರ್ ಇಲ್ದ ಬರೇ ಕರಗಿಸಿ ಕೂಡಿಸಿದ್ರ ತಣ್ಣಗಾಗುವಾಗ ಸೀಳೋದು ಗ್ಯಾರಂಟಿ. 4043ರಾಗಿನ 5 ಪರ್ಸೆಂಟ್ ಸಿಲಿಕಾನ್ ಆ ಸೀಳು ತಡೀತೈತಿ. ಜಾಬ್ ಆಮ್ಯಾಲೆ ಆನೊಡೈಸ್‌ಗೆ ಹೋಗೋದಿದ್ರ 5356 ಹಾಕ್ರಿ, 4043 ಅಲ್ಲಿ ಬೂದು ಕಪ್ಪಾಗಿ ಎದ್ದು ಕಾಣ್ತೈತಿ.

ಲೈನ್ ಮುಗಿದ ಜಾಗದಾಗ ನಕ್ಷತ್ರದಂಥ ಸಣ್ಣ ಸೀಳು ಬಂದ್ರ ಸ್ವಿಚ್ ಒಮ್ಮೆಲೇ ಬಿಟ್ಟೀರಿ. ಡೌನ್ ಸ್ಲೋಪ್, ಅಂದ್ರ ಕರೆಂಟ್ ನಿಧಾನ ಇಳಿಯೋ ಹೊತ್ತು, 3 ಸೆಕೆಂಡ್ ಇಡ್ರಿ, ಕರೆಂಟ್ ಇಳಿಯುವಾಗ ಒಂದು ಹನಿ ಫಿಲ್ಲರ್ ಹೆಚ್ಚಿಗಿ ಕೊಟ್ಟು ಗುಂಡಿ ತುಂಬಿಸ್ರಿ.

ಲೈನ್ ಗಟ್ಟಿ ಐತಿ, ಅದರ ಪಕ್ಕಕ್ಕೇ ವಾರ ಬಿಟ್ಟು ಸೀಳ್ತು ಅಂತ ವಾಪಸ್ ಬಂದ್ರ ಅದು ನಿಮ್ಮ ಕೈಯಿನ ತಪ್ಪಲ್ಲ. 6061, 6063 ಟೆಂಪರ್ ಮಾಡಿದ ಲೋಹ, ಶಾಖ ತಾಗಿದ ಕಡೆ ಗಟ್ಟಿತನ ಮೂರರಾಗ ಒಂದು ಪಾಲಿಗಿಂತ ಜಾಸ್ತಿ ಇಳೀತೈತಿ. ನಡಗೋ ಬ್ರಾಕೆಟ್ಟು ಗಿಕೆಟ್ಟಿಗೆ ಬರೇ ಸೀಳು ಮುಚ್ಚಿ ಕೊಡಬ್ಯಾಡ್ರಿ, ಮ್ಯಾಲೆ ಪ್ಯಾಚ್ ಹಾಕ್ರಿ, ಪ್ಯಾಚಿನ ಮೂಲಿ ದುಂಡಗಿರ್ಲಿ.

ಕೊಡೋ ಮೊದಲು

ಇಂಟರ್‌ಕೂಲರ್ ಇದ್ರ ಬಾಯಿ ಮುಚ್ಚಿ ರೆಗ್ಯುಲೇಟರ್ ಹಚ್ಚಿ 1.5 ಬಾರ್ ಗಾಳಿ ಕೊಟ್ಟು ನೀರಿನ್ಯಾಗ ಮುಳುಗಿಸ್ರಿ, ಟೈರಿಗೆ ಹೊಡಿಯೋ ಗಾಳಿನ ನೇರ ಬಿಡಬ್ಯಾಡ್ರಿ, ಬಾಯಿ ಮುಚ್ಚಿದ ಕ್ಯಾಪ್ ಸಿಡಿದು ಮುಖಕ್ಕ ಬರ್ತೈತಿ. ಬೋಗಾಣಿ ಇದ್ರ ಹೊರಗ ಸುಣ್ಣದ ನೀರು ಬಳಿದು, ಅದು ಒಣಗಿದ ಮ್ಯಾಲೆ ಒಳಗ ಸೀಮೆಎಣ್ಣಿ ಹಚ್ರಿ, ಒಣಗಿದ ಸುಣ್ಣದ ಮ್ಯಾಲೆ ಎಣ್ಣಿ ಕಲೆ ಎದ್ದ ಕಡೆ ಸೂಜಿ ತೂತು ಉಳಿದೈತಿ, ನೀರು ತೋರಿಸದ ತೂತನ್ನ ಇದು ತೋರಿಸ್ತೈತಿ. ಆಮ್ಯಾಲೆ ಸೋಪು ಹಚ್ಚಿ ಚೊಲೊ ತೊಳೆದು ಕೊಡ್ರಿ, ಖಾನಾವಳಿಯವ್ರು ಸಾಂಬಾರಿನ್ಯಾಗ ಸೀಮೆಎಣ್ಣಿ ವಾಸನಿ ಅಂತ ಬಂದು ನಿಂತ್ರ ಅದಕ್ಕ ಯಾವ ಸೆಟ್ಟಿಂಗೂ ಇಲ್ಲ.

ಮತ್ತ, ಬ್ಯಾಸಿಗ್ಯಾಗ ಬನಿಯನ್ ಮ್ಯಾಲೆ ಕುಂತು ಅಲ್ಯುಮಿನಿಯಂ ಮಾಡೋರಿಗೆ: ಹೊಳಿಯೋ ಶೀಟಿನಿಂದ ಬೆಳಕು ತಿರುಗಿ ಹೆಲ್ಮೆಟಿನ ಕೆಳಗಿಂದ ಕುತ್ತಿಗಿಗೂ ತೋಳಿಗೂ ಹೊಡೀತೈತಿ, ಸಂಜೀಕ ಚರ್ಮ ಸುಲೀತೈತಿ. ತುಂಬು ತೋಳಿನ ಕಾಟನ್ ಅಂಗಿ ಹಾಕ್ರಿ, ಗ್ಲಾಸ್ 10 ಇಲ್ಲಾ 11 ನಂಬರ್ ಇರ್ಲಿ.